ಕಣ್ಣು, ಕೈ, ಕೊರಳು



ಕೋಲ್ಕತ್ತದ ದಕ್ಷಿಣ ಭಾಗದಲ್ಲಿ ಸದರ್ನ್ ಅವೆನ್ಯೂ ಎಂಬ ರಸ್ತೆಯಿದೆ. ಕಾಗದಪತ್ರಗಳಲ್ಲಿ ಅದಕ್ಕೆ ವಿಜ್ಞಾನಿ ಮೇಘನಾದ ಸಾಹಾ ಅವರ ಹೆಸರು. ಊರವರ ಬಾಯಲ್ಲಿ ಉಳಿದಿರುವುದು ಹಳೆಯ ಹೆಸರೇ. ಅಗಲವಾದ ರಸ್ತೆ, ಉದ್ದಕ್ಕೂ ದೊಡ್ಡ ಮರಗಳ ನೆರಳು. ಪೂರ್ವದ ತುದಿಯಲ್ಲಿ ಗೋಲ್‌ಪಾರ್ಕ್. ದಕ್ಷಿಣಕ್ಕೆ ರವೀಂದ್ರ ಸರೋವರ. 1920ರ ದಶಕದಲ್ಲಿ ಜೌಗು ನೆಲವನ್ನು ತೋಡಿ ಮಾಡಿದ ಕೆರೆ ಅದು. ನೀರಿನ ಹರವೇ 70 ಎಕರೆಗೂ ಮಿಕ್ಕಿದೆ. ಉತ್ತರಕ್ಕೆ ಸ್ವಲ್ಪ ನಡೆದರೆ ಲೇಕ್ ಮಾರ್ಕೆಟ್. ದಕ್ಷಿಣ ಭಾರತದಿಂದ ಹೋದವರು ತಲೆಮಾರುಗಳಿಂದ ನೆಲೆಯೂರಿರುವ ಜಾಗ. ಫಿಲ್ಟರ್ ಕಾಫಿಯ ವಾಸನೆ ಅಲ್ಲಿ ಯಾರಿಗೂ ಹೊಸದಲ್ಲ.

ಸಂಜೆಯಾದರೆ ಕೆರೆಯ ದಂಡೆ ತುಂಬುತ್ತದೆ. ನಡೆಯುವವರು, ಓಡುವವರು, ದೋಣಿ ಕ್ಲಬ್ಬಿನ ಹುಡುಗರು, ಬೆಂಚಿನ ಮೇಲೆ ಕೂತ ನಿವೃತ್ತರು. ಬಂಗಾಳಿಗಳ ಅಡ್ಡಾ ಅಲ್ಲಿ ನಡೆಯುತ್ತದೆ. ಹರಟೆಕಟ್ಟೆಯಲ್ಲಿ ಕೂತು ಬಲ್ಲ ಕನ್ನಡಿಗನಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ದೂರದಿಂದ ನೋಡುವವನಿಗೆ ಒಂದು ಮಾತೂ ಕೇಳಿಸದು. ಆದರೂ ಯಾರು ಹೇಳುತ್ತಿದ್ದಾರೆ, ಯಾರು ಒಪ್ಪುತ್ತಿಲ್ಲ, ಯಾರಿಗೆ ಮನೆಗೆ ಹೋಗುವ ಅವಸರ ಎಂಬುದು ತಿಳಿದುಬಿಡುತ್ತದೆ. ಒಬ್ಬ ಮುಂದಕ್ಕೆ ಬಾಗಿದ್ದಾನೆ. ಇನ್ನೊಬ್ಬ ತೋಳು ಕಟ್ಟಿ ಹಿಂದಕ್ಕೆ ಒರಗಿದ್ದಾನೆ. ಮೂರನೆಯವನ ಕೈ ಆಗಲೇ ಚೀಲದ ಪಟ್ಟಿಯ ಮೇಲಿದೆ.

ಕೇಳುಗರೇ, ಇವತ್ತಿನ ವಿಷಯ ಇದೇ. ದಿನನಿತ್ಯದ ಮಾತುಕತೆಯಲ್ಲಿ ಕಣ್ಣು, ಕೈ, ಕೊರಳು ಮಾಡುವ ಕೆಲಸ. ಈ ಬಗ್ಗೆ ಪುಸ್ತಕಗಳಿಗೆ, ತರಬೇತಿ ಶಿಬಿರಗಳಿಗೆ ಕಡಿಮೆಯಿಲ್ಲ. ಸಂದರ್ಶನಕ್ಕೆ ಹೋದಾಗ ಹೇಗೆ ಕೂರಬೇಕು, ಕೈ ಹೇಗೆ ಕುಲುಕಬೇಕು ಎಂದು ಅವು ಹೇಳಿಕೊಡುತ್ತವೆ. ಅವುಗಳ ಗಮನವೆಲ್ಲ ಮಾತಾಡುವವನ ಮೇಲೆ. ದಿನದ ಮಾತುಕತೆಯಲ್ಲಾದರೋ ಈ ಕೆಲಸದ ದೊಡ್ಡ ಪಾಲು ಕೇಳುವವನದು. ಅದರ ಕಡೆಗೆ ನೋಡಿದವರು ಕಡಿಮೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದಾಟಿಬಿಡಬೇಕು. ಮಾತಿನ ಅರ್ಥದಲ್ಲಿ ಪದಗಳ ಪಾಲು ನೂರಕ್ಕೆ 7 ಮಾತ್ರ, ಉಳಿದದ್ದೆಲ್ಲ ದನಿ ಮತ್ತು ಮುಖಭಾವ ಎಂದು ಹೇಳುವುದನ್ನು ನೀವೂ ಕೇಳಿರಬಹುದು. ಈ ಲೆಕ್ಕ ಬಂದದ್ದು ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ. ಅಲ್ಲಿ ಇದ್ದದ್ದು ಸಂಭಾಷಣೆಯಲ್ಲ. ಬಿಡಿ ಪದಗಳು. ‘ಇರಬಹುದು’, ‘ಥ್ಯಾಂಕ್ಸ್’ ಇಂಥವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಹೇಳಿದವರಿಗೆ ಪ್ರೀತಿಯೋ ಅಸಮಾಧಾನವೋ ಎಂದು ಕೇಳಿದ್ದರು. ಪದ ಒಂದು ಹೇಳಿ ಮುಖ ಇನ್ನೊಂದು ಹೇಳಿದಾಗ ಜನ ನಂಬುವುದು ಮುಖವನ್ನು. ಅಷ್ಟೇ ಅದರ ಸಾರ. ಎಲ್ಲ ಮಾತಿಗೂ ಇದು ಅನ್ವಯಿಸುವುದಿಲ್ಲವೆಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ನೂರಕ್ಕೆ 93 ಪಾಲು ಅರ್ಥ ಪದಗಳ ಹೊರಗಿದ್ದಿದ್ದರೆ ಕೋಲ್ಕತ್ತಕ್ಕೆ ಹೋದ ಕನ್ನಡಿಗ ಬಂಗಾಳಿ ಕಲಿಯಬೇಕಾಗಿಯೇ ಇರಲಿಲ್ಲ.

ಶೇಕಡಾವಾರು ಲೆಕ್ಕ ಬೇಡ. ಹಾಗಾದರೆ ಕಣ್ಣು, ಕೈ, ಕೊರಳು ಮಾಡುವುದೇನು? ಉತ್ತರ ಹುಡುಕಲು ಸದರ್ನ್ ಅವೆನ್ಯೂದಿಂದ ಬಹಳ ದೂರ ಹೋಗಬೇಕಿಲ್ಲ. ಅದರ ಒಂದು ಅಡ್ಡರಸ್ತೆಗೆ ಲೇಕ್ ಟೆಂಪಲ್ ರಸ್ತೆ ಎಂದು ಹೆಸರು. 1959ರಿಂದ 1970ರವರೆಗೆ ಸತ್ಯಜಿತ್ ರಾಯ್ ಅವರ ಮನೆ ಅಲ್ಲಿತ್ತು. ಆ ಮನೆಯಲ್ಲಿದ್ದ ದಿನಗಳಲ್ಲಿ, 1964ರಲ್ಲಿ, ಅವರು ‘ಚಾರುಲತಾ’ ಚಿತ್ರ ಮಾಡಿದರು. ಅದೇ ವರ್ಷ ‘ಟೂ’ ಎಂಬ, ಒಂದೂ ಸಂಭಾಷಣೆಯಿಲ್ಲದ ಕಿರುಚಿತ್ರವನ್ನೂ ಮಾಡಿದರು.

‘ಚಾರುಲತಾ’ದ ಆರಂಭವನ್ನು ಕಣ್ಣ ಮುಂದೆ ತಂದುಕೊಳ್ಳಿ. ಸುಮಾರು 7 ನಿಮಿಷ. ಮಾತು ಇಲ್ಲವೆನ್ನುವಷ್ಟು ಕಡಿಮೆ. ಹತ್ತೊಂಬತ್ತನೆಯ ಶತಮಾನದ ಕೋಲ್ಕತ್ತದ ಒಂದು ಶ್ರೀಮಂತ ಮನೆ. ಮಾಧವಿ ಮುಖರ್ಜಿ ಅಭಿನಯಿಸಿದ ಚಾರು ಕರವಸ್ತ್ರಕ್ಕೆ ಕಸೂತಿ ಹಾಕುತ್ತಾಳೆ. ಪುಸ್ತಕ ತೆಗೆಯುತ್ತಾಳೆ, ಇಡುತ್ತಾಳೆ. ಹಿಡಿಕೆಯುಳ್ಳ ಒಂದು ಪುಟ್ಟ ದುರ್ಬೀನು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡುತ್ತಾಳೆ. ಬೀದಿಯಲ್ಲಿ ಹೋಗುವವರನ್ನು ನೋಡುತ್ತಾಳೆ. ಅಷ್ಟರಲ್ಲಿ ಗಂಡ ಭೂಪತಿ ಮೊಗಸಾಲೆಗೆ ಬರುತ್ತಾನೆ. ಕೈಯಲ್ಲಿ ಪುಸ್ತಕ, ಕಣ್ಣು ಪುಟದ ಮೇಲೆ. ಹೆಂಡತಿಯ ಪಕ್ಕದಲ್ಲೇ ಹಾದುಹೋಗುತ್ತಾನೆ. ತಲೆ ಎತ್ತುವುದಿಲ್ಲ. ಆಗ ಚಾರು ಅದೇ ದುರ್ಬೀನನ್ನು ಕಣ್ಣಿಗೆ ಹಿಡಿದು, ನಾಲ್ಕು ಹೆಜ್ಜೆ ದೂರದಲ್ಲಿರುವ ಗಂಡನ ಬೆನ್ನನ್ನು ನೋಡುತ್ತಾಳೆ.

ಭೂಪತಿ ಕೆಟ್ಟವನಲ್ಲ. ಬೈದವನಲ್ಲ, ಮುಖ ಗಂಟಿಕ್ಕಿದವನೂ ಅಲ್ಲ. ನೋಡಲಿಲ್ಲ, ಅಷ್ಟೇ. ಆ ದಾಂಪತ್ಯದಲ್ಲಿ ಏನು ಕೊರತೆಯಿದೆ ಎಂಬುದು ಪ್ರೇಕ್ಷಕನಿಗೆ ಅಲ್ಲೇ ಅರ್ಥವಾಗುತ್ತದೆ. ಮುಂದಿನ ಎರಡು ಗಂಟೆಯ ಕಥೆಗೆ ಅಡಿಪಾಯ ಆ ಎತ್ತದ ಕಣ್ಣು. ಇದನ್ನು ಮಾತಿನಲ್ಲಿ ಬರೆಯಲು ಹೊರಟಿದ್ದರೆ ರಾಯ್ ಅವರಿಗೆ ಎಷ್ಟು ಪುಟ ಬೇಕಾಗುತ್ತಿತ್ತೋ! ಅಡುಗೆಮನೆಯಿಂದ ಹೆಂಡತಿ ಏನೋ ಹೇಳುತ್ತಾಳೆ, ಗಂಡ ಮೊಬೈಲಿನಿಂದ ಕಣ್ಣೆತ್ತದೆ ಹೂಂ ಎನ್ನುತ್ತಾನೆ. ಇಂದಿನ ಮನೆಗಳಲ್ಲಿ ಆ ದೃಶ್ಯ ನಡೆಯುವುದು ಹೀಗೆ.

ಕೇಳುಗರೇ, ಇಲ್ಲಿಯವರೆಗೆ ಹೇಳಿದ್ದು ನೋಟದ ವಿಷಯ. ನೋಡುವುದೂ ಮಾತುಕತೆಯ ಭಾಗ, ನೋಡದಿರುವುದೂ ಅದರ ಭಾಗ. ಈಗ ಆ ನೋಟ ಮಾತಿನ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಬರೋಣ.

ಇಬ್ಬರು ಮಾತಾಡುವಾಗ ಒಬ್ಬ ನಿಲ್ಲಿಸಿ ಇನ್ನೊಬ್ಬ ಶುರು ಮಾಡುತ್ತಾನೆ. ನಡುವಿನ ಅಂತರ ಎಷ್ಟು? ಜಗತ್ತಿನ 10 ಭಾಷೆಗಳಲ್ಲಿ ಪ್ರಶ್ನೆ ಉತ್ತರಗಳನ್ನು ಅಳೆದು ನೋಡಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಸರಾಸರಿ ಅಂತರ ಸೆಕೆಂಡಿನ ಐದನೆಯ ಒಂದು ಭಾಗದ ಆಸುಪಾಸು. ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲಿ ವಾಕ್ಯ ಕಟ್ಟಿಕೊಳ್ಳಲು ಸಾಧ್ಯವಿಲ್ಲ. ಅಂದರೆ ಎದುರಿನವನ ಮಾತು ಮುಗಿಯುವ ಮೊದಲೇ, ಅದು ಮುಗಿಯಲಿದೆ ಎಂದು ಕೇಳುವವನಿಗೆ ಗೊತ್ತಾಗಿರುತ್ತದೆ. ವಾಕ್ಯದ ಜಾಡು ಒಂದು ಸುಳಿವು. ದನಿಯ ಇಳಿತ ಇನ್ನೊಂದು. ಕಣ್ಣು ಮತ್ತೊಂದು. ಆಡಂ ಕೆಂಡನ್ ಎಂಬ ವಿದ್ವಾಂಸ 1960ರ ದಶಕದಲ್ಲಿ ಸಂಭಾಷಣೆಗಳನ್ನು ಚಿತ್ರೀಕರಿಸಿ, ಚೌಕಟ್ಟು ಚೌಕಟ್ಟಾಗಿ ನೋಡಿದರು. ದೀರ್ಘವಾಗಿ ಮಾತಾಡಲು ಹೊರಟವನು ಆರಂಭದಲ್ಲಿ ಕಣ್ಣನ್ನು ಆಚೆಗೆ ತಿರುಗಿಸುತ್ತಾನೆ. ಮುಗಿಸುವ ಹೊತ್ತಿಗೆ ಕೇಳುವವನ ಮುಖಕ್ಕೆ ಮರಳುತ್ತಾನೆ. ಇನ್ನು ನಿನ್ನ ಸರದಿ ಎಂದು ಆ ನೋಟ ಹೇಳುತ್ತದೆ. ಕೇಳುವವನಾದರೋ ಹೆಚ್ಚು ಹೊತ್ತು ನೋಡುತ್ತಲೇ ಇರುತ್ತಾನೆ.

ಕೇಳುವವನು ನೋಡುವುದು ಮಾತ್ರವಲ್ಲ. ತಲೆದೂಗುತ್ತಾನೆ, ಹುಬ್ಬೇರಿಸುತ್ತಾನೆ, ‘ಅಯ್ಯೋ’ ಎನ್ನುತ್ತಾನೆ, ನಾಲಿಗೆಯಿಂದ ‘ಚ್ಚು’ ಎಂದು ಲೊಚಗುಟ್ಟುತ್ತಾನೆ. ಇದನ್ನು ಕಿತ್ತುಕೊಂಡರೆ ಏನಾಗುತ್ತದೆ? ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಜಾನೆಟ್ ಬವೇಲಾಸ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2000ದಲ್ಲಿ ಬರೆದರು. ಒಬ್ಬರು ತಾವು ಕೂದಲೆಳೆಯಲ್ಲಿ ಪಾರಾದ ಪ್ರಸಂಗವನ್ನು ಹೇಳಬೇಕು. ಇನ್ನೊಬ್ಬರು ಕೇಳಬೇಕು. ಕೆಲವು ಕೇಳುಗರಿಗೆ ಗುಟ್ಟಾಗಿ ಒಂದು ಕೆಲಸ ಕೊಟ್ಟಿದ್ದರು. ಟಿ ಅಕ್ಷರದಿಂದ ಆರಂಭವಾಗುವ ಪದ ಕಿವಿಗೆ ಬಿದ್ದಾಗಲೆಲ್ಲ ಒಂದು ಗುಂಡಿ ಒತ್ತುವುದು. ಆ ಕೇಳುಗರ ಕಿವಿ ಪದಗಳ ಮೇಲಿತ್ತು, ಕಥೆಯ ಮೇಲಿರಲಿಲ್ಲ. ಅವರ ತಲೆದೂಗು ಕಡಿಮೆಯಾಯಿತು, ಉದ್ಗಾರ ನಿಂತೇ ಹೋಯಿತು. ಆಗ ಕೆಟ್ಟದ್ದು ಹೇಳುವವರ ಕಥೆ! ಮುಖ್ಯ ಘಟ್ಟಕ್ಕೆ ಬಂದಾಗ ತಡವರಿಸಿದರು. ಹೇಳಿದ್ದನ್ನೇ ಹೇಳಿದರು. ಕಥೆ ಎಲ್ಲಿ ಮುಗಿಸಬೇಕೆಂದು ತಿಳಿಯದೆ ಎಳೆದರು.

ಈ ಪ್ರಯೋಗದ ಫಲ ಕನ್ನಡದ ಅಜ್ಜಿಯರನ್ನು ಬೆರಗುಗೊಳಿಸಲಾರದು. ರಾತ್ರಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕು. ಹೂಂಗುಟ್ಟದಿದ್ದರೆ ಕಥೆ ನಿಲ್ಲುತ್ತದೆ. ಮಗು ಮಲಗಿತೋ ಇಲ್ಲವೋ ಎಂದು ತಿಳಿಯುವ ಉಪಾಯ ಮಾತ್ರವಲ್ಲ ಅದು. ಆ ‘ಹೂಂ’ ಎಲ್ಲಿ ಚುರುಕಾಗುತ್ತದೋ ಅಲ್ಲಿ ಅಜ್ಜಿ ರಾಕ್ಷಸನನ್ನು ಇನ್ನಷ್ಟು ಎತ್ತರ ಮಾಡುತ್ತಾಳೆ.

ಇದನ್ನೇ ಕಲೆಯ ಮಟ್ಟಕ್ಕೆ ಏರಿಸಿದ್ದು ಕರಾವಳಿಯ ತಾಳಮದ್ದಳೆ. ಯಕ್ಷಗಾನದ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಪಂಚೆ ಶಾಲಿನಲ್ಲಿ ಎದುರುಬದುರು ಕೂತು ಪಾತ್ರವಾಗಿ ಮಾತಾಡುತ್ತಾರೆ. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಮಾತಿಗೆ ಜನ ಇರುಳಿಡೀ ಕೂರುತ್ತಿದ್ದರು. ಸಭೆಯ ಕಣ್ಣು ಮಾತಾಡುವವರ ಮೇಲೆ ಎಷ್ಟಿರುತ್ತದೋ, ಆ ಮಾತನ್ನು ಕೇಳಿಸಿಕೊಳ್ಳುತ್ತಿರುವ ಎದುರಾಳಿಯ ಮೇಲೂ ಅಷ್ಟೇ ಇರುತ್ತದೆ. ವಾಲಿ ಆಕ್ಷೇಪಿಸುವಾಗ ರಾಮನ ಅರ್ಥಧಾರಿ ಸುಮ್ಮನೆ ಕೂರುವಂತಿಲ್ಲ. ಆತನ ಮೌನ, ಸಣ್ಣ ನಗೆ, ತಗ್ಗಿಸಿದ ದೃಷ್ಟಿ, ಇವೂ ಅರ್ಥಗಾರಿಕೆಯೇ.

ಇಷ್ಟು ಹೊತ್ತು ಕಂಡದ್ದು ಎರಡು ಸಂಗತಿ. ಒಂದು, ಕಣ್ಣು ಸರದಿಯನ್ನು ಹಂಚುತ್ತದೆ. ಎರಡು, ಕೇಳುವವನ ಸನ್ನೆ ಹೇಳುವವನ ಮಾತನ್ನು ಕಟ್ಟುತ್ತದೆ. ಈಗ ಒಂದು ಪ್ರಶ್ನೆ ಏಳುತ್ತದೆ. ಕೇಳುವವನೇ ಕಾಣದಿದ್ದರೆ?

ರೇಡಿಯೋದಲ್ಲಿ ಆಗುವುದು ಅದೇ. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಪುಟ್ಟ ರೇಡಿಯೋ ಕೇಂದ್ರ ನಡೆಸಿದ ಎಂ.ವಿ. ಗೋಪಾಲಸ್ವಾಮಿ ಅವರು ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದದ್ದು ಮನಶ್ಶಾಸ್ತ್ರ. ಮನುಷ್ಯರ ಮನಸ್ಸನ್ನು ಓದುವ ವಿದ್ವಾಂಸರೊಬ್ಬರು ಮುಖ ಕಾಣದ ಮಾಧ್ಯಮವನ್ನು ಕೈಗೆತ್ತಿಕೊಂಡದ್ದು ಗಮನಿಸತಕ್ಕ ವಿಷಯ. ಮೈಕಿನ ಮುಂದೆ ಕೂತವರ ಕೈ ಸುಮ್ಮನಿರುವುದಿಲ್ಲ. ನೋಡುವವರು ಯಾರೂ ಇಲ್ಲದಿದ್ದರೂ ಬೆರಳು ಎಣಿಸುತ್ತವೆ, ಅಂಗೈ ಅರಳುತ್ತದೆ. ಫೋನಿನಲ್ಲಿ ದಾರಿ ಹೇಳುವವರೂ ಎಡಕ್ಕೆ ಬಲಕ್ಕೆ ಕೈ ತೋರಿಸುತ್ತಾರೆ. ಹುಟ್ಟಿನಿಂದ ಕಣ್ಣು ಕಾಣದವರು ಸಹ ಮಾತಾಡುವಾಗ ಕೈಯಾಡಿಸುತ್ತಾರೆ, ಎದುರಿಗಿರುವವರೂ ಅಂಧರೆಂದು ಗೊತ್ತಿದ್ದಾಗಲೂ. ಜನಾ ಐವರ್ಸನ್, ಸೂಸನ್ ಗೋಲ್ಡಿನ್ ಮೆಡೋ ಎಂಬ ಇಬ್ಬರು ಸಂಶೋಧಕರು 1998ರಲ್ಲಿ ಇದನ್ನು ತೋರಿಸಿದರು. ಕೈ ನೋಡುವವರಿಗಾಗಿ ಮಾತ್ರ ಆಡುವುದಿಲ್ಲ. ಮಾತನ್ನು ಹುಡುಕಿಕೊಳ್ಳಲೂ ಅದು ಆಡುತ್ತದೆ.

ಕೈ ಕಾಣದ ಕಡೆ ಉಳಿಯುವುದು ಕೊರಳು. ಕೋಲ್ಕತ್ತದವರಿಗೆ ಇದನ್ನು ವಿವರಿಸಬೇಕಿಲ್ಲ. 1930ರ ದಶಕದ ಆರಂಭದಿಂದ ಅಲ್ಲಿನ ಆಕಾಶವಾಣಿ ಮಹಾಲಯ ಅಮಾವಾಸ್ಯೆಯ ನಸುಕಿನಲ್ಲಿ ‘ಮಹಿಷಾಸುರ ಮರ್ದಿನಿ’ಯನ್ನು ಪ್ರಸಾರ ಮಾಡುತ್ತಿದೆ. ಪಠಣ ಬೀರೇಂದ್ರ ಕೃಷ್ಣ ಭದ್ರ ಅವರದು. ದೇವಿಯನ್ನು ಕರೆಯುತ್ತ ಕರೆಯುತ್ತ ಆ ದನಿ ಗದ್ಗದವಾಗುತ್ತದೆ. 1976ರಲ್ಲಿ ಕೇಂದ್ರದವರು ಅದನ್ನು ಬಿಟ್ಟು ಬೇರೆ ಕಾರ್ಯಕ್ರಮ ಮಾಡಿ, ಚಲನಚಿತ್ರ ತಾರೆ ಉತ್ತಮ್ ಕುಮಾರ್ ಅವರ ಕಂಠ ಬಳಸಿದರು. ಬಂಗಾಳದಲ್ಲಿ ಅವರಿಗಿಂತ ಪ್ರಿಯವಾದ ಮುಖವಿರಲಿಲ್ಲ. ಕೇಳುಗರು ಒಪ್ಪಲಿಲ್ಲ. ದೊಡ್ಡ ಪ್ರತಿಭಟನೆಯೇ ನಡೆದು, ಭದ್ರರ ದನಿ ಮರಳಿ ಬಂತು. ಸಂಸ್ಕೃತ ಶ್ಲೋಕಗಳ ಪ್ರತಿ ಪದಕ್ಕೂ ಅರ್ಥ ಬಲ್ಲವರು ಆ ಕೇಳುಗರಲ್ಲಿ ಎಷ್ಟು ಮಂದಿಯೋ. ದನಿ ಎಲ್ಲಿ ನಡುಗುತ್ತದೆ ಎಂಬುದನ್ನು ಎಲ್ಲರೂ ಬಲ್ಲರು.

ಕಣ್ಣು ಆಯಿತು, ಕೇಳುವವನ ಸನ್ನೆ ಆಯಿತು, ದನಿ ಆಯಿತು. ಈಗ ಸ್ವಲ್ಪ ಹಿಂದಕ್ಕೆ, ಇದೇ ಊರಿನ ಹಳೆಯ ದಾಖಲೆಯೊಂದಕ್ಕೆ.

ಚಾರ್ಲ್ಸ್ ಡಾರ್ವಿನ್ 1867ರಲ್ಲಿ 16 ಪ್ರಶ್ನೆಗಳ ಒಂದು ಪಟ್ಟಿ ಅಚ್ಚು ಹಾಕಿಸಿ ಜಗತ್ತಿನ ಮೂಲೆ ಮೂಲೆಗೆ ಕಳಿಸಿದರು. ಬೆರಗಾದಾಗ ಅಲ್ಲಿಯ ಜನ ಹುಬ್ಬೇರಿಸುತ್ತಾರೆಯೇ, ನಾಚಿದಾಗ ಮುಖ ಕೆಂಪಾಗುತ್ತದೆಯೇ, ಹೌದು ಎನ್ನಲು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾರೆಯೇ. ಸುಮಾರು ಮೂರು ಡಜನ್ ಉತ್ತರಗಳು ಬಂದವು. ಉತ್ತರಿಸಿದವರಲ್ಲಿ ಕೋಲ್ಕತ್ತದ ಸಸ್ಯೋದ್ಯಾನದಲ್ಲಿ ಕೆಲಸಕ್ಕಿದ್ದ ಜಾನ್ ಸ್ಕಾಟ್ ಒಬ್ಬರು. ಹೂಗ್ಲಿ ನದಿಯ ಆಚೆ ದಡದ ಶಿಬ್‌ಪುರದಲ್ಲಿರುವ ಉದ್ಯಾನ ಅದು. ಸ್ಕಾಟ್ ಬರೆದದ್ದನ್ನು ಡಾರ್ವಿನ್ 1872ರ ತಮ್ಮ ಪುಸ್ತಕದಲ್ಲಿ ಸೇರಿಸಿಕೊಂಡರು.

ತೋಟದ ಮಾಲಿಯೊಬ್ಬನ ಹೆಂಡತಿ, ಎಳೆಯ ಹೆಣ್ಣು, ಸಾಯುವ ಸ್ಥಿತಿಯಲ್ಲಿದ್ದ ಮಗುವಿಗೆ ಹಾಲೂಡಿಸುತ್ತಿದ್ದಳು. ಗಿಡಗಳ ಮರೆಯಿಂದ ಸ್ಕಾಟ್ ನೋಡುತ್ತಿದ್ದರು. ಅವಳಿಗೆ ಗೊತ್ತಿರಲಿಲ್ಲ. ಹುಬ್ಬುಗಳ ಒಳತುದಿ ಮೇಲಕ್ಕೆದ್ದಿದ್ದವು. ರೆಪ್ಪೆ ಜೋತಿತ್ತು. ಹಣೆಯ ನಡುವೆ ಸುಕ್ಕು. ಬಾಯಿ ಸ್ವಲ್ಪ ತೆರೆದಿತ್ತು, ತುಟಿಯ ಕೊನೆಗಳು ಕೆಳಗೆ ಇಳಿದಿದ್ದವು. ಸ್ಕಾಟ್ ಮರೆಯಿಂದ ಹೊರಬಂದು ಮಾತಾಡಿಸಿದರು. ಅವಳು ಬೆಚ್ಚಿದಳು. ಕಣ್ಣೀರು ಕೋಡಿ ಹರಿಯಿತು. ಮಗುವನ್ನು ಉಳಿಸಿಕೊಡಿ ಎಂದು ಬೇಡಿಕೊಂಡಳು.

ಡಾರ್ವಿನ್ನರಿಗೆ ಬೇಕಾದದ್ದು ಮೊದಲ ಅರ್ಧ. ಯಾರೂ ನೋಡದಾಗಲೂ ದುಃಖ ಮುಖದ ಮೇಲೆ ಬರುತ್ತದೆ, ಯುರೋಪಿನಲ್ಲಿ ಬರುವಂತೆಯೇ ಬರುತ್ತದೆ ಎಂಬುದಕ್ಕೆ ಪುರಾವೆ. ಮಗು ಸಾಯುತ್ತಿರುವ ತಾಯಿಯನ್ನು ಮರೆಯಲ್ಲಿ ನಿಂತು ಗಮನಿಸಿದ್ದನ್ನು ಇಂದು ಓದುವಾಗ ಮನಸ್ಸು ಮುದುಡುತ್ತದೆ. ಆದರೂ ಎರಡನೆಯ ಅರ್ಧವೇ ಇವತ್ತಿನ ವಿಷಯಕ್ಕೆ ಹತ್ತಿರ. ಅಳು ಉಕ್ಕಿದ್ದು ಎದುರಿಗೆ ಒಬ್ಬ ಮನುಷ್ಯ ಬಂದು ನಿಂತಾಗ. ಕೇಳುವವರು ಸಿಕ್ಕಿದಾಗ.

ಮುಖದ ಕೆಲವು ಭಾವ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಎಂಬ ಡಾರ್ವಿನ್ನರ ಮಾತನ್ನು 1960ರ ದಶಕದ ಕೊನೆಗೆ ಪಾಲ್ ಎಕ್‌ಮನ್ ಪಪುವಾ ನ್ಯೂಗಿನಿಯ ಬೆಟ್ಟದ ಜನರಲ್ಲಿ ಪರೀಕ್ಷಿಸಿ ಎತ್ತಿಹಿಡಿದರು. ವಾದ ಇನ್ನೂ ಮುಗಿದಿಲ್ಲ. ಅದನ್ನು ಅಲ್ಲಿಗೇ ಬಿಡೋಣ. ಮುಖದ ಭಾವ ಹೀಗಾದರೆ, ಕೈಸನ್ನೆ ತಲೆಸನ್ನೆಗಳ ಮಾತು ಬೇರೆ. ಅವು ಕಲಿತು ಬರುವಂಥವು, ಊರಿಂದ ಊರಿಗೆ ಬದಲಾಗುವಂಥವು.

ಅದೃಷ್ಟಕ್ಕೆ ಕನ್ನಡಿಗನೂ ಬಂಗಾಳಿಯೂ ಹಂಚಿಕೊಂಡ ಸನ್ನೆಗಳು ಬಹಳ. ತಲೆಯನ್ನು ಹೆಗಲ ಕಡೆಗೆ ಮೆಲ್ಲಗೆ ವಾಲಿಸಿದರೆ ಇಲ್ಲೂ ‘ಆಗಲಿ’, ಅಲ್ಲೂ ‘ಆಗಲಿ’. ವಿದೇಶದಿಂದ ಬಂದವರು ಅದನ್ನು ಹೌದೋ ಅಲ್ಲವೋ ಎಂದು ತಿಳಿಯದೆ ತೊಳಲುತ್ತಾರೆ. ದುಡ್ಡು ಕೊಡುವುದು ಬಲಗೈಯಲ್ಲಿ. ಸದರ್ನ್ ಅವೆನ್ಯೂದ ಕಡೆ ಹೋಗುವ ಕಿಕ್ಕಿರಿದ ಬಸ್ಸಿನಲ್ಲಿ ಕಾಲು ಇನ್ನೊಬ್ಬರಿಗೆ ತಗುಲಿತೆನ್ನಿ. ಕೈ ತಾನಾಗಿ ಮುಂದೆ ಹೋಗಿ ಅವರ ತೋಳನ್ನು ಮುಟ್ಟಿ, ಎದೆಗೋ ಹಣೆಗೋ ಮರಳುತ್ತದೆ. ಅವರು ಒಮ್ಮೆ ತಲೆಯಾಡಿಸುತ್ತಾರೆ. ಕ್ಷಮೆ ಕೇಳಿದ್ದೂ ಆಯಿತು, ಕ್ಷಮಿಸಿದ್ದೂ ಆಯಿತು. ಬಂಗಾಳಿಯ ಒಂದು ಪದ ಬಾರದವನೂ ಆ ಬಸ್ಸಿನಲ್ಲಿ ಸಭ್ಯನಾಗಿ ಇರಬಲ್ಲ. ಅದೇ ಬಸ್ಸಿನ ಬಾಗಿಲಲ್ಲಿ ನೇತಾಡುವ ಕಂಡಕ್ಟರ್ ಬೆರಳುಗಳ ನಡುವೆ ನೋಟುಗಳನ್ನು ಉದ್ದಕ್ಕೆ ಮಡಿಚಿಟ್ಟುಕೊಂಡು, ಬಸ್ಸಿನ ತಗಡಿಗೆ ಅಂಗೈಯಿಂದ ಬಡಿಯುತ್ತಾನೆ. ನಿಲ್ಲು, ಹೊರಡು, ಎಲ್ಲವೂ ಆ ಬಡಿತದಲ್ಲಿ. ಚಾಲಕ ಉತ್ತರಿಸುವುದು ಬ್ರೇಕಿನಿಂದ.

ಹೀಗೆ ಹಂಚಿಕೊಂಡ ಸನ್ನೆ ಒಳ್ಳೆಯದಕ್ಕೂ ಆಗುತ್ತದೆ, ನೋಯಿಸುವುದಕ್ಕೂ ಆಗುತ್ತದೆ. ಮೃಣಾಲ್ ಸೇನ್ 1979ರಲ್ಲಿ ‘ಏಕ್ ದಿನ್ ಪ್ರತಿದಿನ್’ ಎಂಬ ಚಿತ್ರ ಮಾಡಿದರು. ಅದರ ಸಂಗೀತ ಬಂಟ್ವಾಳದ ಕಡೆಯ ಮಂಚಿಯಿಂದ ಹೋದ ಬಿ.ವಿ. ಕಾರಂತರದು. ಕೋಲ್ಕತ್ತದ ಒಂದು ವಠಾರ. ದುಡಿದು ಮನೆ ಸಾಕುವ ಮಗಳು ಒಂದು ರಾತ್ರಿ ಹೊತ್ತಿಗೆ ಸರಿಯಾಗಿ ಮನೆಗೆ ಬರುವುದಿಲ್ಲ. ಮನೆಯವರು ಕಾಯುತ್ತಾರೆ, ಹುಡುಕುತ್ತಾರೆ, ನೆರೆಹೊರೆಯವರು ಇಣುಕುತ್ತಾರೆ. ಕೊನೆಗೆ ಅವಳು ಬರುತ್ತಾಳೆ. ಎಲ್ಲಿದ್ದೆ ಎಂದು ಯಾರೂ ಕೇಳುವುದಿಲ್ಲ. ಮುಖಗಳು ಮಾತ್ರ ಕೇಳುತ್ತವೆ. ಉತ್ತರ ಕೊಡಲು ಅವಳಿಗೆ ಅವಕಾಶವೇ ಇಲ್ಲ, ಏಕೆಂದರೆ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಿಲ್ಲ. ಬೈದಿದ್ದರೆ ಅವಳು ಎದುರು ನಿಂತು ಮಾತಾಡಬಹುದಿತ್ತು. ಕೇಳಲು ಸಿದ್ಧರಿಲ್ಲವೆಂಬುದನ್ನು ಮೈಯಿಂದ ತೋರಿಸುವವರ ಮುಂದೆ ಎಂಥ ಮಾತೂ ಏಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಇಂಥ ಮೌನವನ್ನು ಉಂಡಿದ್ದಾರೆ.

ಕೊನೆಯದಾಗಿ ಒಂದು ವಿಷಯ. ಕೇಳುಗರೇ, ಇಲ್ಲಿಯವರೆಗೆ ಸನ್ನೆಯನ್ನು ಮಾತಿನ ಜೊತೆಗಾರನೆಂದು ಹೇಳಿದ್ದಾಯಿತು. ಕಿವುಡರ ಸಂಜ್ಞಾಭಾಷೆಯನ್ನು ಈ ಪಟ್ಟಿಗೆ ಸೇರಿಸಬಾರದು. ಅದು ಮಾತಿನ ಜೊತೆಗಾರನಲ್ಲ, ತಾನೇ ಮಾತು. ಅದಕ್ಕೆ ತನ್ನದೇ ಪದಸಂಪತ್ತಿದೆ, ವ್ಯಾಕರಣವಿದೆ. ಕೋಲ್ಕತ್ತದಲ್ಲಿ ಕಿವುಡ ಮಕ್ಕಳ ಶಾಲೆ 1893ರಷ್ಟು ಹಿಂದೆಯೇ ಆರಂಭವಾಯಿತು. ಸಂಜ್ಞೆಯಲ್ಲಿ ನಡೆಯುವ ಸಂಭಾಷಣೆಯಲ್ಲಿ ಕೇಳುವವನು ಕಣ್ಣು ತಪ್ಪಿಸಿದರೆ ಮಾತು ಅಲ್ಲೇ ಕಡಿಯುತ್ತದೆ. ಆದ್ದರಿಂದ ಅವರು ಮೊದಲು ಕೈಬೀಸಿಯೋ, ಭುಜ ತಟ್ಟಿಯೋ, ದೀಪ ಆರಿಸಿ ಹಚ್ಚಿಯೋ ಎದುರಿನವರ ಕಣ್ಣನ್ನು ಗಳಿಸಿಕೊಳ್ಳುತ್ತಾರೆ. ಆಮೇಲೆ ಹೇಳುತ್ತಾರೆ.

1970ರ ದಶಕದಲ್ಲಿ ಮದನ್ ವಸಿಷ್ಠ ಮತ್ತು ಅವರ ಅಮೆರಿಕದ ಸಂಗಡಿಗರು ದೆಹಲಿ, ಮುಂಬಯಿ, ಕೋಲ್ಕತ್ತ, ಬೆಂಗಳೂರುಗಳ ಕಿವುಡರ ಸಂಜ್ಞೆಗಳನ್ನು ಹೋಲಿಸಿ ನೋಡಿದರು. ನಾಲ್ಕರಲ್ಲಿ ಮೂರು ಪಾಲಿನಷ್ಟು ಸಂಜ್ಞೆಗಳು ಒಂದೇ ಬಳಗದವೆಂದು ಕಂಡುಬಂತು. ಕನ್ನಡ ಒಂದು ಭಾಷಾಕುಟುಂಬದ್ದು, ಬಂಗಾಳಿ ಇನ್ನೊಂದರದು. ಬೆಂಗಳೂರಿನ ಕಿವುಡ ಯುವತಿಗೂ ಕೋಲ್ಕತ್ತದ ಕಿವುಡ ಯುವತಿಗೂ ನಡುವೆ ಆ ಗಡಿ ಅಷ್ಟಾಗಿ ಅಡ್ಡ ಬರುವುದಿಲ್ಲ. ರವೀಂದ್ರ ಸರೋವರದ ಬೆಂಚೊಂದರ ಮೇಲೆ ಅವರಿಬ್ಬರು ಎದುರುಬದುರಾಗಿ ಕೂತರೆ ಹರಟೆ ಮೊದಲ ಸಂಜೆಯೇ ಶುರುವಾಗಬಹುದು.